ಕ್ರುನಾ ಕಾಪಾಡಿದ ದೀಪ

ಸುವೊದೋಲ್, ವಾಲ್ಯೆವೊ ಬಳಿ
13 ನವೆಂಬರ್ 1988

ಪ್ರೀತಿಯ ನೆವೆನಾ,

ನೀನು ಆರೋಗ್ಯವಾಗಿರುವೆಯೆಂದೂ, ನೋವಿ ಸಾದಿನ ಚಳಿಗಾಳಿ ಹೋದ ವರ್ಷದಂತೆ ನಿನ್ನ ಗಂಟಲನ್ನು ಹಿಡಿದಿಲ್ಲವೆಂದೂ ನಂಬಿದ್ದೇನೆ. ನಿನ್ನ ಕಾಗದ ಸೆಪ್ಟೆಂಬರಿನಲ್ಲೇ ಬಂದಿತ್ತು. ಎರಡು ತಿಂಗಳು ಉತ್ತರಿಸದೆ ಕುಳಿತದ್ದಕ್ಕೆ ಕ್ಷಮಿಸು. "ಗೊತ್ತಿಲ್ಲ ಎನ್ನುವುದೂ ಒಂದು ಉತ್ತರವೇ, ಸುಮ್ಮನಿರುವುದು ಮಾತ್ರ ಉತ್ತರವಲ್ಲ" ಎಂದು ನಿಮ್ಮನ್ನೆಲ್ಲ ಗದರಿಸುತ್ತಿದ್ದ ಮೇಷ್ಟ್ರೇ ಹೀಗೆ ಮಾಡಿದರೆ ನೀನು ನಗುತ್ತೀಯೆ, ನಗು. ಮೊದಲು ಚರ್ಚಿನ ಹಳೆಯ ಪೆಟ್ಟಿಗೆಯ ಬೀಗದ ಕೈ ಸಿಗಲಿಲ್ಲ. ಆಮೇಲೆ ನನ್ನ ಮಂಡಿ ಗುಡ್ಡ ಹತ್ತಲು ಒಪ್ಪಲಿಲ್ಲ.

ಇಲ್ಲಿನ ಸುದ್ದಿ ಹೆಚ್ಚಿಲ್ಲ. ಶಾಲೆಯಲ್ಲಿ ಈ ವರ್ಷ ಒಂಬತ್ತು ಮಕ್ಕಳು. ಹೊಸ ಮೇಡಂ ಬೆಳಗಿನ ಬಸ್ಸಿನಲ್ಲಿ ಬಂದು ಮಧ್ಯಾಹ್ನದ ಬಸ್ಸಿನಲ್ಲಿ ಹೋಗಿಬಿಡುತ್ತಾಳೆ. ಸೋಮವಾರಗಳಂದು ನಾನೇ ಮುಂಚಿತವಾಗಿ ಹೋಗಿ ತರಗತಿಯ ಒಲೆ ಹೊತ್ತಿಸುತ್ತೇನೆ. ನನಗೆ ಯಾರೂ ಹೇಳಿದ್ದಲ್ಲ. ಕೋಣೆ ಬೆಚ್ಚಗಾಗುವವರೆಗೆ ಖಾಲಿ ಬೆಂಚುಗಳ ನಡುವೆ ಕುಳಿತು, ಮಕ್ಕಳ ಸದ್ದು ಕೇಳಿದ ಕೂಡಲೇ ಹಿಂಬಾಗಿಲಿನಿಂದ ಹೊರಡುತ್ತೇನೆ. ಇಷ್ಟು ಹೊತ್ತು ಕಾದವನು ಯಾಕೆ ನಿಲ್ಲುವುದಿಲ್ಲವೆಂದು ಕೇಳಬೇಡ. ನಿಂತರೆ ಪಾಠ ಮಾಡಬೇಕೆನ್ನಿಸುತ್ತದೆ.

ಈಗ ನಿನ್ನ ಪ್ರಶ್ನೆ. ಕ್ರುನಿಚ್ ಎಂಬ ನಿಮ್ಮ ಮನೆತನದ ಹೆಸರು ಎಲ್ಲಿಂದ ಬಂತು, ಕ್ರುನಾ ನಿಜಕ್ಕೂ ಪೇಶಾನ ತಮ್ಮನ ವಿಧವೆಯೇ ಎಂದು ಕೇಳಿದ್ದೀಯೆ. ಈ ಪ್ರಶ್ನೆಯ ಹಿಂದೆ ನನ್ನ ದಾಯಾದಿಯ ಮೊಮ್ಮಗ ವೇಲ್ಕೊ ಪೇಶಿಚ್ ನಿಂತಿರುವುದು ನನಗೆ ಅರ್ಥವಾಗಿದೆ. ನಿಮ್ಮಿಬ್ಬರ ಮದುವೆಯ ಮಾತೆತ್ತಿದ ದಿನ ನಿನ್ನ ತಾತ ಮಿಲೋಯೆ, "ಎರಡು ಮನೇಲೂ ತಂದೆಯಿಂದ ಮಗನಿಗೆ ಬಂದ ಕುಲದ ಸಂತ ಒಬ್ಬನೇ, ಅಲಿಂಪಿಯನಿಗೇ ದೀಪ. ಒಂದೇ ದೀಪ, ಒಂದೇ ರಕ್ತ. ತಂಗೀನ ಅಣ್ಣನಿಗೆ ಕೊಡೋಕಾಗುತ್ತಾ?" ಎಂದರಂತೆ. ಸಾಲದ್ದಕ್ಕೆ, ನಾನು ಬರೆದ ಸುವೊದೋಲಿನ ಊರ ಚರಿತ್ರೆಯನ್ನೇ ಮೇಜಿನ ಮೇಲೆ ಕುಕ್ಕಿ, ಹದಿನಾಲ್ಕನೆಯ ಪುಟ ತೆರೆದರಂತೆ. ಅಲ್ಲಿರುವುದು ನನಗೆ ಬಾಯಿಪಾಠ: ಪೇಶಾ ಮತ್ತು ಗ್ರುಬಾನ್ ಎಂಬ ಅಣ್ಣತಮ್ಮಂದಿರು ಈ ಕಣಿವೆಗೆ ಬಂದರು, ಪೇಶಾನಿಂದ ಪೇಶಿಚ್‌ಗಳಾದರು, ಗ್ರುಬಾನ್ ಬೇಗ ತೀರಿಕೊಂಡುದರಿಂದ ಅವನ ಮಕ್ಕಳನ್ನು ತಾಯಿ ಕ್ರುನಾಳ ಹೆಸರಿನಿಂದ ಕ್ರುನಿಚ್ ಎಂದು ಕರೆದರು.

"ತಾತನ ಆಶೀರ್ವಾದವಿಲ್ಲದೆ ಆ ಮನೆಯಿಂದ ಹೊರಡಲಾರೆ, ವೇಲ್ಕೊನನ್ನು ಬಿಟ್ಟು ಬದುಕಲಾರೆ. ಮೇಷ್ಟ್ರೇ, ನೀವು ಬರೆದದ್ದು ನಿಜವೇ?" ಎಂದು ನೀನು ಬರೆದ ಸಾಲನ್ನು ಅನೇಕ ಬಾರಿ ಓದಿದೆ. ನಿಜವೆಂದು ಹಿರಿಯರು ಹೇಳಿದ್ದರು, ನಾನು ಬರೆದೆ. ಇಷ್ಟೇ ನನ್ನ ಆಧಾರ.

ಅಕ್ಟೋಬರಿನಲ್ಲಿ ಫಾದರ್ ವಿಟೊಮಿರ್ ಬಳಿ ಹೋಗಿ, ಮನೆಮನೆಯ ಸತ್ತವರ ಹೆಸರುಗಳನ್ನು ಬರೆದಿಟ್ಟ ಹಳೆಯ ಪುಸ್ತಕ ಬೇಕೆಂದು ಕೇಳಿದೆ. ಅವರು ನಕ್ಕರು.

"ಎಂಟು ತಲೆಮಾರು ಕಳೆದ್ಮೇಲೆ ಚರ್ಚಿನ ಕಡೆಯಿಂದ ಅಡ್ಡಿಯೇನೂ ಇಲ್ಲ ಮೇಷ್ಟ್ರೇ. ಆದ್ರೆ ಮಿಲೋಯೆಗೆ ಹೇಳೋರ್ಯಾರು? ಅವರು ದೇವರ ಮಾತನ್ನಾದ್ರೂ ಮೀರ್ತಾರೆ, ಅಜ್ಜನ ಮಾತು ಮೀರಲ್ಲ."

"ಹಾಗಾದರೆ ಅಜ್ಜನ ಅಜ್ಜಿಯ ಮಾತನ್ನೇ ಹುಡುಕೋಣ," ಎಂದೆ.

ಮೇಣ ಬಿದ್ದು ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಫಾದರ್ ಚಾಕುವಿನ ತುದಿಯಿಂದ ಬಿಡಿಸುತ್ತ ಹೋದರು. ನಿಮ್ಮ ಮನೆಯ ಹಾಳೆಯ ತಲೆಯ ಮೇಲೆ ಅಂದಿನ ಪಾದ್ರಿಯ ಕೈಬರಹವಿತ್ತು. ಅದನ್ನು ಹಾಗೆಯೇ ಇಳಿಸಿಕೊಂಡಿದ್ದೇನೆ:

"ಪೇಶಾನ ತಮ್ಮ ಗ್ರುಬಾನ್, ಅವನ ಹೆಂಡತಿ ಯಾನ್ಯಾ, ಮೂವರು ಮಕ್ಕಳು, ಎಲ್ಲರೂ ಪ್ಲೇಗಿನಲ್ಲಿ ತೀರಿದರು. ಮನೆಯ ದೀಪ ಆರಿತು. ನಾಲ್ಕನೆಯ ವರ್ಷ ಪಿವಾ ಸೀಮೆಯಿಂದ ಕ್ರುನಾ ಎಂಬ ವಿಧವೆ ಇಬ್ಬರು ಮಕ್ಕಳೊಂದಿಗೆ ಬಂದು ಆ ಪಾಳು ನೆಲದಲ್ಲಿ ಕೂತಳು. ಅವಳ ಗಂಡನ ಮನೆಯ ಸಂತ ಲೂಕ. ಈ ನೆಲದ ಸತ್ತವರಿಗಾಗಿ ಅಲಿಂಪಿಯನ ದೀಪವನ್ನೂ ಹಚ್ಚುವೆನೆಂದು ಮಾತು ಕೊಟ್ಟಳು."

ನೆವೆನಾ, ನಿಮ್ಮ ಮೂಲತಾಯಿ ಗ್ರುಬಾನನನ್ನು ಕಣ್ಣಿನಿಂದಲೂ ಕಂಡವಳಲ್ಲ. ಬಿಟ್ಟುಹೋದ ಮನೆಯಲ್ಲಿ ನೆಲೆ ನಿಂತವರು ಆ ನೆಲದ ಸಂತನನ್ನೂ ನಡೆಸಿಕೊಂಡು ಹೋಗಬೇಕೆಂಬುದು ನಮ್ಮ ಹಿರಿಯರ ಕಟ್ಟಳೆ. ಅವಳು ಅದನ್ನು ಉಳಿಸಿದಳು. ಪರರ ಐದು ಹೆಣಗಳ ಹೆಸರನ್ನು ತನ್ನ ಮನೆಯ ಪಟ್ಟಿಯಲ್ಲಿ ಮೊದಲು ಓದಿಸಿ, ಅನಂತರವಷ್ಟೇ ತನ್ನ ಗಂಡನ ಹೆಸರನ್ನು ಓದಿಸಿದಳು. ಊರಿನವರು ದೀಪವನ್ನು ನೋಡಿ ರಕ್ತವೆಂದು ತಿಳಿದರು. ಅವರ ತಿಳಿವಳಿಕೆಗೆ ನಾನು ಅಚ್ಚಿನ ಮೊಹರು ಒತ್ತಿದೆ.

ಅಕ್ಟೋಬರ್ ಮೂವತ್ತೊಂದು, ಲೂಕನ ದಿನ, ನಕಲನ್ನು ಹಿಡಿದು ನಿಮ್ಮ ಮನೆಗೆ ಹೋದೆ. ಹಗಲಲ್ಲೇ ಬಾಗಿಲು ಹಾಕಿತ್ತು. ಬಹಳ ಹೊತ್ತು ಬಡಿದ ಮೇಲೆ ನಿನ್ನಜ್ಜಿ ಸ್ಟಾನಿಯಾ ತೆರೆದಳು. ಒಳಗೆ ಮೇಜಿನ ಮೇಲೆ ಅಂಗೈಯಗಲದ ಒಂದು ರೊಟ್ಟಿ ಆರುತ್ತಿತ್ತು.

"ಬನ್ನಿ ಬನ್ನಿ," ಎಂದರು ನಿನ್ನ ತಾತ. "ಪೇಶಿಚ್‌ಗಳ ಕಡೆ ವಕೀಲರಾಗಿ ಬಂದ್ರೋ?"

"ಇಲ್ಲ, ನನ್ನ ತಪ್ಪು ತಿದ್ದಲು ಬಂದೆ."

"ಮೂವತ್ತು ವರ್ಷ ನಮ್ಮ ಮಕ್ಕಳ ತಪ್ಪಿಗೆ ಕೆಂಪು ಶಾಯಿ ಬಳಿದ್ರಿ. ಈಗ ನಿಮ್ಮದಕ್ಕಾ? ಸ್ಟಾನಿಯಾ, ರಾಕಿಯಾ ಬಾಟ್ಲಿ ತಾರೇ! ಮೇಷ್ಟ್ರು ಫೇಲಾಗಿದ್ದಾರೆ!"

ನಕಲನ್ನು ಓದಿದೆ. ನಗು ನಿಂತಿತು.

"ಅದು ಸತ್ತೋರ ಪುಸ್ತಕ," ಎಂದರು. "ಬದುಕಿರೋರ ಮದುವೆಗೆ ಅದ್ಯಾಕೆ?"

ಆಗ ನಿನ್ನಜ್ಜಿ ಬಾಟಲಿಯನ್ನು ಕೆಳಗಿಟ್ಟು, "ಹಾಗಾದ್ರೆ ಈ ರೊಟ್ಟಿ ಯಾಕ್ರೀ?" ಎಂದು ಕೇಳಿದಳು.

"ದನಕ್ಕೆ ರೋಗ ಬರಬಾರ್ದು ಅಂತ. ಹರಕೆ."

"ದನ ಮಾರಿ ಆರು ವರ್ಷ ಆಯ್ತು! ಕೊಟ್ಟಿಗೇಲಿ ಈಗ ಇರೋದು ನಿಮ್ಮ ಸೈಕಲ್ಲು. ಅದಕ್ಕೇನು ಕಾಲುಬಾಯಿ ಜ್ವರ ಬರುತ್ತಾ? ನಿಮ್ಮಮ್ಮ ನಂಗೆ ಹೇಳಿಕೊಟ್ಟಿದ್ದು ಕೇಳಿ. 'ಲೂಕನ ದಿನ ಬಾಗಿಲು ಹಾಕು, ನೆಂಟರನ್ನ ಕರೀಬೇಡ, ಪಾದ್ರೀನೂ ಬೇಡ. ಅಲಿಂಪಿಯನದು ನೆಲದ್ದು, ಇದು ನಮ್ಮದು' ಅಂದಿದ್ರು. ನಲವತ್ತೆಂಟು ವರ್ಷದಿಂದ ಸುಡ್ತಾ ಇದೀನಿ, ಒಂದಿನ ಕೇಳಿದ್ರಾ?"

ನಿನ್ನ ತಾತ ಕುರ್ಚಿ ಎಳೆದುಕೊಂಡು ಮೇಜಿನ ಮುಂದೆ ಕುಳಿತರು. ಆಮೇಲೆ ರೊಟ್ಟಿಯನ್ನು ಮುರಿದರು. ಒಂದು ತುಂಡನ್ನು ನಿನ್ನಜ್ಜಿಗೆ ಕೊಟ್ಟು, ಒಂದನ್ನು ತಾವಿಟ್ಟುಕೊಂಡು, ಮೂರನೆಯದನ್ನು ನನ್ನ ಕಡೆ ಚಾಚಿ, ನಡುವೆಯೇ ಕೈಯನ್ನು ಹಿಂದೆಗೆದರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಇದು ಮನೆಯೋರಿಗೆ ಮಾತ್ರ. ನೀವು ಪೇಶಿಚ್. ಹೊರಗಿನೋರು."

ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಹೊಳೆಯಿತು. ನಿನ್ನಜ್ಜಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಊರ ಚರಿತ್ರೆಯ ಅವರ ಪ್ರತಿಯನ್ನು ತರಿಸಿ, ಹದಿನಾಲ್ಕನೆಯ ಪುಟಕ್ಕೆ ಅಡ್ಡಗೀಟು ಎಳೆದು, ಕೆಳಗೆ ದಿನಾಂಕ ಬರೆದು ಸಹಿ ಹಾಕಿದೆ. ಹೊರಡುವಾಗ ತಾತ ಅಂಗಳದಿಂದ ಕೂಗಿದರು: "ಆ ವೇಲ್ಕೊಗೆ ಹೇಳಿ, ಅಲಿಂಪಿಯನ ಹಬ್ಬ ಮುಗಿದ ಭಾನುವಾರ ಬರ್ಲಿ. ಬರಿಗೈಲಿ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತೀನಿ!"

ಆದ್ದರಿಂದ ಊರಿಗೆ ಬಾ, ಮಗಳೇ. ನಿನ್ನ ಮನೆತನದ ಹೆಸರು, ಗಂಡನಿಲ್ಲದೆ, ಗುರುತಿನವರಿಲ್ಲದೆ ಬೆಟ್ಟ ದಾಟಿ ಬಂದು, ಕೊಟ್ಟ ಮಾತನ್ನು ಉಳಿಸಿಕೊಂಡ ಹೆಂಗಸಿನ ಹೆಸರು. ಮದುವೆಯ ನಂತರ ನೀನು ಯಾವ ಹೆಸರು ಇಟ್ಟುಕೊಂಡರೂ ಅವಳ ಎದೆಗಾರಿಕೆಯನ್ನು ಇಟ್ಟುಕೊ. ನಾನು ಪಾಠ ಮಾಡಿದ ಮಕ್ಕಳು ನನಗಿಂತ ಹೆಚ್ಚು ಧೈರ್ಯವಂತರಾಗಿ ಬಾಳಲಿ ಎಂಬುದಕ್ಕಿಂತ ದೊಡ್ಡ ಹಾರೈಕೆ ನನ್ನಲ್ಲಿಲ್ಲ. ನಿಮ್ಮಿಬ್ಬರ ಒಲೆ ಎಂದೂ ತಣ್ಣಗಾಗದಿರಲಿ.

ನಿನ್ನ ಮೇಷ್ಟ್ರು,
ತಾನಾಸಿಯೆ ಪೇಶಿಚ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನಿನ್ನ ತಾತನಿಗೆ ವಿದೊಸಾವಾ ಎಂಬ ತಂಗಿಯಿದ್ದಳು, ನೀನು ನೋಡಿದವಳಲ್ಲ. 1953ರಲ್ಲಿ ನಾವಿಬ್ಬರೂ ನಿಮ್ಮ ಹಾಗೆಯೇ ಇದ್ದೆವು. ಅವಳು ನನ್ನನ್ನು ಮೂರು ಸಲ ಕೇಳಿದಳು: "ತಾನಾಸಿಯೆ, ಚರ್ಚಿನ ಪುಸ್ತಕ ಒಂದ್ಸಲ ತೆಗೆಸಿ ನೋಡು. ನಮ್ಮಜ್ಜಿ ಬೇರೆ ಏನೋ ಹೇಳ್ತಿದ್ರು." ಮೇಷ್ಟ್ರು ಚರ್ಚಿನ ಹೊಸ್ತಿಲು ದಾಟಿದರೆ ಕಮ್ಯುನಿಸ್ಟ್ ಪಕ್ಷದವರು ಕೆಲಸದಿಂದ ತೆಗೆಯುತ್ತಿದ್ದ ಕಾಲವದು. ಹಿರಿಯರು ಸುಳ್ಳು ಹೇಳುವುದಿಲ್ಲವೆಂದು ಅವಳಿಗೆ ಉತ್ತರ ಕೊಟ್ಟೆ. ವಸಂತದಲ್ಲಿ ಅವಳು ಕಿಕಿಂದಾದ ಒಬ್ಬ ವಿಧುರನನ್ನು ಮದುವೆಯಾಗಿ ಹೋದಳು. ಆ ಚಳಿಗಾಲದಲ್ಲಿ ನಾನು ಹದಿನಾಲ್ಕನೆಯ ಪುಟ ಬರೆದೆ. ಗೊತ್ತಿದ್ದು ಬರೆದದ್ದಲ್ಲ, ಅದು ನಿಜವಾಗಿರಲಿ ಎಂದು ಬರೆದದ್ದು.

ಎರಡು ವರ್ಷದ ಹಿಂದೆ ಅವಳು ತೀರಿಕೊಂಡಳು. ಮಕ್ಕಳಿಲ್ಲ. ಹೋದ ಶನಿವಾರ, ಸತ್ತವರ ಸ್ಮರಣೆಯ ದಿನ, ನಮ್ಮ ಮನೆಯ ಚೀಟಿಯ ಕೊನೆಯಲ್ಲಿ ಅವಳ ಹೆಸರು ಬರೆದುಕೊಟ್ಟೆ. ಫಾದರ್ ಓದುತ್ತ ಓದುತ್ತ ನಿಂತು, ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಈ ವಿದೊಸಾವಾ ನಿಮ್ಗೆ ಏನಾಗ್ಬೇಕು?"

"ಏನೂ ಆಗಬೇಕಿಲ್ಲ ಫಾದರ್," ಎಂದೆ. "ಅವಳಿಗೂ ನಮಗೂ ಯಾವ ಸಂಬಂಧವೂ ಇಲ್ಲ."