ಗುರುತಿಲ್ಲದ ಮನೆ

ಸೆಪ್ಟೆಂಬರ್ 9, ಮಂಗಳವಾರ, ಬೆಳಗ್ಗೆ 7

ಇವತ್ತೂ ಡಿಕಾಕ್ಷನ್ ಕಹಿಯಾಯಿತು. ಕುಡಿದೆ. ರಸ್ತೆಗೆ ನುಗ್ಗಿದ್ದ ಮಳೆನೀರು ಇಳಿದು ಎರಡು ದಿನ. ಬನಶಂಕರಿ, ಗಿರಿನಗರ, ಬಿ.ಟಿ.ಎಂ. — ಎಲ್ಲ ಕಡೆ ಇದೇ ಕಥೆ. ಜೆ.ಪಿ. ನಗರದ ನಮ್ಮ ಬಡಾವಣೆಗೆ ಕಳಿಸಲು ಕರೆಂಟ್ ಆಫೀಸಿನಲ್ಲಿ ಬಿಡುವಿರುವ ಎಂಜಿನಿಯರ್ ಇಲ್ಲವಂತೆ. ಪಿ.ಡಬ್ಲ್ಯು.ಡಿ.ಯಿಂದ ರಿಟೈರಾದ ನಾನೇ ಕೋಆರ್ಡಿನೇಟರ್. ಅರವತ್ತೆರಡು ಮನೆ. ಯಾವ ಗೋಡೆ ಒದ್ದೆ, ಯಾವುದು ಬಿರುಕು, ಯಾರಿಗೆ ಕರೆಂಟ್ ಕೊಡಬಹುದು... ನೋಡಿ ಹೇಳಬೇಕು. ಕಾಲೇಜಿನಲ್ಲಿ ಪ್ರೊಫೆಸರ್ ಹೇಳುತ್ತಿದ್ದರು, 'ನೋ ಸ್ಟ್ರಕ್ಚರ್ ಫೇಲ್ಸ್ ವಿತೌಟ್...' ವಾರ್ನಿಂಗೋ, ನೋಟೀಸೋ. ಮರೆತಿದೆ. ಮಂಡಿ ಮಾತ್ರ ಎರಡನ್ನೂ ಕೊಡುತ್ತಿದೆ.

ಸೆಪ್ಟೆಂಬರ್ 11, ಗುರುವಾರ, ಸಂಜೆ

ಮುಗಿಯಿತು. ಹನ್ನೊಂದು ಮನೆಗೆ ಕರೆಂಟ್ ಬೇಡ. ಅಂಥ ಮನೆಗೆ ಅಂಟಿಸುವ ಕೆಂಪು ಸ್ಟಿಕ್ಕರ್ ಇನ್ನೂ ಬಂದಿಲ್ಲ. "ಅದು ಬರೋಷ್ಟ್ರಲ್ಲಿ ಮುಂದಿನ್ ಮಳೆ ಬರುತ್ತೆ ಬಿಡಿ ಸಾರ್" — ಲೈನ್‌ಮನ್ ಯಲ್ಲಯ್ಯ. ಸೀಮೆಸುಣ್ಣ ತಂದೆ. ಕಾಂಪೌಂಡೆಲ್ಲ ಕೆಸರು, ಒಣಗಿದ್ದು ಬಾಗಿಲ ಮುಂದಿನ ಕಲ್ಲು ಮೆಟ್ಟಿಲು ಮಾತ್ರ. ಅದರ ಮೇಲೆ ಕ್ರಾಸ್ ಹಾಕುತ್ತ ಹೋದೆ.

"ಗುರುತಿಲ್ಲ ಅಂದ್ರೆ ಸಾರ್?"

"ಫ್ಯೂಸ್ ಹಾಕಪ್ಪ. ಐವತ್ತೊಂದು ಮನೆಗೆ ಬಗ್ಗಿ ಬಗ್ಗಿ ಟಿಕ್ ಹಾಕಿದ್ರೆ ನನ್ ಸೊಂಟ ಉಳಿಯುತ್ತಾ?"

"ಒಂದ್ ಲಿಸ್ಟ್ ಬರ್ಕೊಟ್ಬಿಡಿ."

"ಕೊಡ್ತೀನಿ, ಸಂಜೆ."

ಇಪ್ಪತ್ತೇಳನೇ ನಂಬರಿನ ಗೋವಿಂದಮ್ಮ ಜಗಳಕ್ಕೇ ಬಂದರು. "ನಾಳೆಯಿಂದ ಅಕ್ಕಪಕ್ಕ ಎಲ್ಲ ಲೈಟು, ನಮಗ್ ಮಾತ್ರ ಕತ್ಲೇನಾ ಸಾರ್? ಯಾವ್ ಜನ್ಮದ್ ಸೇಡು?" ಎದೆಮಟ್ಟ ಗೋಡೆ ಒದ್ದೆ, ಸ್ವಿಚ್ ಬೋರ್ಡಿನೊಳಗೆ ಕೆಸರು. ಒಣಗಲಿ ತಾಯಿ ಎಂದೆ.

ಲಿಸ್ಟ್ ಬರೆಯಬೇಕು. ಕಣ್ಣು ಎಳೆಯುತ್ತಿದೆ... ನಾಳೆ.

ಸೆಪ್ಟೆಂಬರ್ 12, ಶುಕ್ರವಾರ, 11 ಗಂಟೆ

ಗೋವಿಂದಮ್ಮನಿಗೆ ಶಾಕ್ ಹೊಡೆದಿದೆ. ಬದುಕಿದ್ದಾರೆ. ಬಲಗೈ ಸುಟ್ಟಿದೆ. ಲೈಟ್ ಬಂತೆಂದು ಮೋಟರ್ ಸ್ವಿಚ್ ಒತ್ತಿದರಂತೆ.

"ಕ್ರಾಸ್ ಇರ್ಲಿಲ್ಲ ಸಾರ್. ರಂಗೋಲಿ ಇತ್ತು." ಎಂದ ಯಲ್ಲಯ್ಯ.

ಶುಕ್ರವಾರ. ಟ್ಯಾಂಕರ್ ನೀರಲ್ಲೇ ಒಂದು ಬಕೆಟ್ ಉಳಿಸಿ ಬಾಗಿಲಿಗೆ ನೀರು ಹಾಕಿದ್ದಾರೆ. ಮೆಟ್ಟಿಲು ಗುಡಿಸಿ, ತೊಳೆದು... ಎಲ್ಲರೂ ಮಾಡುವಂತೆ. ಓಡಿಹೋಗಿ ಉಳಿದ ಹತ್ತು ಮನೆ ನೋಡಿದೆವು. ಆರರಲ್ಲಿ ಕ್ರಾಸ್ ಇಲ್ಲ. ಯಲ್ಲಯ್ಯ ಆ ಬೀದಿಗಳಿಗೆ ಇನ್ನೂ ಹೋಗಿರಲಿಲ್ಲ, ಅಷ್ಟೇ.

ನನ್ನ ಬಾಗಿಲಿಗೆ ನೀರು ಬಿದ್ದು ನಾಲ್ಕು ವರ್ಷ. ಶಾಂತಲಾ ಇದ್ದಿದ್ದರೆ ಸೀಮೆಸುಣ್ಣ ನೋಡಿದ ತಕ್ಷಣ, "ರೀ, ಬೆಳಗ್ಗೆ ತೊಳೀತಾರಲ್ರೀ" ಎಂದುಬಿಡುತ್ತಿದ್ದಳು. ಹೆಂಡತಿ ಹೋದಳು, ಜೊತೆಗೆ ಇದೂ ಹೋಯಿತು — ಬೆಳಗಾದರೆ ಮೆಟ್ಟಿಲು ತೊಳೆಯುತ್ತಾರೆ ಎಂಬುದು.

ಸೆಪ್ಟೆಂಬರ್ 14, ಭಾನುವಾರ

ಆಸ್ಪತ್ರೆಗೆ ಹೋಗಿದ್ದೆ. ಗೋವಿಂದಮ್ಮನ ಕೈಗೆ ದಪ್ಪ ಬ್ಯಾಂಡೇಜು. "ನೀರ್ ಹಾಕಿದ್ದು ನಾನೇ ಅಲ್ವಾ ಸಾರ್. ನಂದೇ ತಪ್ಪು." ಅಲ್ಲ ಎನ್ನಲು ಬಾಯಿ ತೆರೆದೆ, ನರ್ಸ್ ಬಂದಳು. ಎದ್ದು ಬಂದೆ. ಸಮಾಧಾನವೂ ಆಯಿತು, ನಾಚಿಕೆಗೇಡು.

ಮಧ್ಯಾಹ್ನ ಫೋನ್. ಕರೆಂಟ್ ಆಫೀಸಿನ ಎಂಜಿನಿಯರ್ ಶಾಲಿನಿ. ಯಲ್ಲಯ್ಯನನ್ನು ಸಸ್ಪೆಂಡ್ ಮಾಡಿದ್ದಾರೆ. ರಿಟೈರ್ ಆಗಲು ಎಂಟು ತಿಂಗಳಿತ್ತು. ಮಂಗಳವಾರ ವಿಚಾರಣೆ.

"ಅನಂತರಾಮು ಸಾರ್, ನೀವು ವಾಲಂಟಿಯರ್. ನಿಮ್ ಹೆಸರ್ಯಾಕೆ ಸುಮ್ನೆ? ಲೈನ್‌ಮನ್ ಚೆಕ್ ಮಾಡ್ಬೇಕಿತ್ತು ಅಂತ ಎರಡ್ ಲೈನ್ ಬರ್ದ್ಕೊಡಿ, ಸಾಕು."

"ನೋಡೋಣಮ್ಮ" ಎಂದೆ. ನೋಡೋಣ! ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಕಲಿತ ಒಂದೇ ಮಾತು. ಯಲ್ಲಯ್ಯನಿಗೆ ಹೇಳಿದ್ದೆಲ್ಲ ಬಾಯಿಮಾತು. ಕಾಗದದಲ್ಲಿ ನಾನು ಎಲ್ಲೂ ಇಲ್ಲ.

ಸೆಪ್ಟೆಂಬರ್ 16, ಮಂಗಳವಾರ, ಬೆಳಗ್ಗೆ 9

ನಾಲ್ಕು ಸಲ ಹರಿದು ಬರೆದೆ. ಇಂಗ್ಲಿಷಿನಲ್ಲಿ ಶುರು ಮಾಡಿದರೆ 'ಇಟ್ ವಾಸ್ ಫೌಂಡ್ ದಟ್' ಎಂದೇ ಬರುತ್ತದೆ. ಯಾರು ಮಾಡಿದರೆಂದು ಅದರಲ್ಲಿ ಬರುವುದೇ ಇಲ್ಲ. ಕನ್ನಡದಲ್ಲಿ ಬರೆದೆ. 'ಗುರುತಿಲ್ಲದ ಮನೆಗೆ ಫ್ಯೂಸ್ ಹಾಕು ಎಂದು ಯಲ್ಲಯ್ಯನಿಗೆ ಹೇಳಿದವನು ನಾನು. ಅವನು ಲಿಸ್ಟ್ ಕೇಳಿದ. ಬರೆದುಕೊಡದೆ ಮಲಗಿದೆ.' ಸಹಿ ಹಾಕಿದೆ. ಪೊಲೀಸ್ ಕೇಸಾದರೆ ಆಗಲಿ.

ಗೇಟಿನ ಹತ್ತಿರ ಯಾರೋ. ಯಲ್ಲಯ್ಯ. ಇಸ್ತ್ರಿ ಮಾಡಿದ ಷರಟು. ಒಳಗೆ ಬಾ ಎಂದರೆ ಬರುವುದಿಲ್ಲ.

"ಆಫೀಸ್‌ಗೆ ಹೋಗೋಕ್ ಮುಂಚೆ... ಏನ್ ಬರ್ದಿದೀರ ಅಂತ ಕೇಳ್ಕೊಂಡ್ ಹೋಗೋಣ ಅಂತ ಸಾರ್."

ಕಾಗದ ಅವನ ಕೈಗೆ ಕೊಟ್ಟು ಬಂದಿದ್ದೇನೆ. ಅಲ್ಲೇ ನಿಂತು ಓದುತ್ತಿದ್ದಾನೆ, ನಿಧಾನವಾಗಿ, ತುಟಿ ಆಡಿಸುತ್ತ. ಕಿಟಕಿಯಿಂದ ಕಾಣುತ್ತದೆ. ಎರಡನೇ ಸಾಲಿಗೆ ಬಂದಿರಬೇಕು, ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದಾನೆ. ಹೋಗಬೇಕು.