ನಾಲ್ಕು ತಿಂಗಳು ನಿಲ್ಲಿಸಿಟ್ಟ ಕಾರಿನ ವಿಷಯವಾಗಿ ಬಿನ್ನಹ

ಎಲ್ಲವನ್ನೂ ಅರಿತು ಯಾವುದಕ್ಕೂ ಅಂಟಿಕೊಳ್ಳದ ಜಿನೇಶ್ವರನಿಗೆ ತಲೆಬಾಗಿ, ಆತನ ವಾಣಿಯನ್ನು ನೆನೆದು, ವೀರನಿರ್ವಾಣದಿಂದ ಎರಡು ಸಾವಿರದ ಏಳುನೂರ ಅರವತ್ತಮೂರನೆಯ ವರ್ಷ, ಶಾಲಿವಾಹನ ಶಕೆ ಎರಡು ಸಾವಿರದ ನೂರ ಐವತ್ತೆಂಟು, ಧಾತು ಸಂವತ್ಸರದ ಕಾರ್ತಿಕ ಶುದ್ಧ ಅಷ್ಟಮಿ, ನಂದೀಶ್ವರ ಪರ್ವದ ಮೊದಲ ದಿನದಂದು ಕೃಷ್ಣಾತೀರದ ಹಿರೇಮುಗಳಿಯಿಂದ ನೇಮಣ್ಣ ಉಪಾಧ್ಯೆ ಬರೆಯುವುದು.

ಪೂಜ್ಯ ಭರಮಪ್ಪನವರೇ, ನೀವು ನನ್ನ ಮುತ್ತಜ್ಜನ ಮುತ್ತಜ್ಜ. ಈ ಓಲೆ ನಿಮ್ಮ ಕೈ ಸೇರುವಾಗ ನಿಮಗೆ ನಲವತ್ತರ ಪ್ರಾಯ. ಬರೆಯುತ್ತಿರುವ ನನಗೆ ಎಂಬತ್ತೊಂದು. ಆದ್ದರಿಂದ ಪಾದಕ್ಕೆರಗಿ ಮಾತು ಆರಂಭಿಸಬೇಕೋ ಕಿವಿ ಹಿಂಡಿ ಆರಂಭಿಸಬೇಕೋ ತಿಳಿಯದೆ ಎರಡು ದಿನ ಕಳೆದಿದ್ದೇನೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ಹಿಂದಿನವರಿಗೆ ಓಲೆ ಕಳಿಸುವ ದ್ವಾರವನ್ನು ನಾವು ಹಿಂಗಿಂಡಿ ಎನ್ನುತ್ತೇವೆ. ಒಂದು ಮನೆತನಕ್ಕೆ ಒಂದೇ ಓಲೆ, ಅದೂ ಆ ಮನೆತನದಲ್ಲಿ ಉಳಿದುಬಂದಿರುವ ಒಂದು ವಸ್ತುವಿನ ವಿಷಯವಾಗಿ ಮಾತ್ರ, ಎಂಬುದು ಅದರ ಕಟ್ಟಳೆ. ಯುದ್ಧಗಳ ಬಗ್ಗೆ, ರೋಗಗಳ ಬಗ್ಗೆ ಎಚ್ಚರಿಸಲು ಅನುಮತಿಯಿಲ್ಲ. ನನಗೆ ದೊರೆತ ಆ ಒಂದೇ ಅವಕಾಶವನ್ನು ನಿಮ್ಮ ಅಜ್ಜ ಕೊಂಡ, ಗುಂಡುಬೆನ್ನಿನ ಬಿಳಿ ಕಾರಿಗಾಗಿ ವ್ಯಯಿಸುತ್ತಿದ್ದೇನೆ. ನಗಬೇಡಿ. ನನಗೆ ನಗು ಬರುತ್ತಿಲ್ಲ, ಬರುತ್ತಿರುವುದು ವಾಕರಿಕೆ.

ನಮ್ಮ ಕಾಲದಲ್ಲಿ ಪಯಣಕ್ಕೆ ಕಾರು ಬೇಕಿಲ್ಲ. ಬೀದಿಯಲ್ಲಿ ಪಿಂಛಿಗಾಡಿಗಳು ಓಡಾಡುತ್ತವೆ. ನಮ್ಮ ಮುನಿಗಳು ಕುಳಿತುಕೊಳ್ಳುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುವಂತೆ, ಈ ಗಾಡಿಗಳು ತಮ್ಮ ಮುಂದೆ ಸಣ್ಣ ಗಾಳಿಯನ್ನು ಊದಿ ಇರುವೆ, ಕಂಬಳಿಹುಳು, ಸಹಸ್ರಪದಿಗಳನ್ನು ಪಕ್ಕಕ್ಕೆ ಸರಿಸಿ ಸಾಗುತ್ತವೆ. ಸದ್ದಿಲ್ಲ, ಹೊಗೆಯಿಲ್ಲ, ಚಾಲಕನೂ ಇಲ್ಲ. ಅವುಗಳಲ್ಲಿ ಕೂತು ಪ್ರಾಯಶ್ಚಿತ್ತವಿಲ್ಲದೆ ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೂ ನಿಮ್ಮ ಕಾರನ್ನು ನಮ್ಮ ಮನೆತನ ಬಿಟ್ಟಿಲ್ಲ. ಕೆರೆಯ ಪಾಚಿಯಿಂದ ತೆಗೆದ ಪಾಚಿತೈಲವನ್ನು ವರ್ಷಕ್ಕೊಮ್ಮೆ ಬೇಡಿ ತಂದು ಅದರ ಹೊಟ್ಟೆಗೆ ಸುರಿಯುತ್ತೇವೆ. ಏಕೆಂದರೆ ನಮ್ಮಲ್ಲಿ ದೀಕ್ಷೆಗೆ ಹೊರಟವರನ್ನು ಆ ಕಾರಿನಲ್ಲಿ ಕೂರಿಸಿ, ಊರನ್ನು ಒಂದು ಸುತ್ತು ಹಾಕಿಸಿ, ಬಸದಿಯ ಬಾಗಿಲಲ್ಲಿ ಇಳಿಸುವ ಪದ್ಧತಿಯಿದೆ. ದೀಕ್ಷೆಯ ಬಳಿಕ ಅವರು ಬದುಕಿರುವವರೆಗೆ ಯಾವ ವಾಹನವನ್ನೂ ಏರುವಂತಿಲ್ಲ. ಅದು ಅವರ ಕೊನೆಯ ಸವಾರಿ.

ಈ ಕಾರ್ತಿಕ ಶುದ್ಧ ಪಂಚಮಿಯಂದು ಆ ಸವಾರಿ ನನ್ನ ತಂಗಿ ಚಂಪಾವತಿಯದಾಗಿತ್ತು. ಎಪ್ಪತ್ತನಾಲ್ಕು ವರ್ಷದ ಆಕೆ ಮನೆ ತೊರೆದು ಸಾಧ್ವಿಯಾಗಲು ಆರ್ಯಿಕಾ ದೀಕ್ಷೆ ಬೇಡಿಕೊಂಡು ಮೂರು ವರ್ಷ ಕಾದವಳು. ನನ್ನಲ್ಲಿ ಆಕೆ ಕೇಳಿದ್ದು ಒಂದೇ: "ಅಣ್ಣಾ, ಮನ್ಯಾಗ ಹೆಣಮಕ್ಕಳನ್ನ ಯಾವಾಗ್ಲೂ ಹಿಂದ ಕುಂಡ್ರಿಸೀರಿ. ಕಡೀಸಲ ನಾ ಮುಂದ ಕುಂಡ್ರತೇನಿ, ನೀ ನಡಸು." ಆಗಲೆಂದು ಮಾತು ಕೊಟ್ಟೆ. ಆ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ, ಚಾತುರ್ಮಾಸ್ಯ ಮುಗಿದು ದೀಪಾವಳಿ ಕಳೆದ ಮರುದಿನ, ಆಷಾಢದಿಂದ ಮುಚ್ಚಿದ್ದ ಕಾರುಮನೆಯ ಬಾಗಿಲು ತೆಗೆಸಿದೆ.

ಭರಮಪ್ಪನವರೇ, ನಿಮ್ಮ ನಿಯಮವನ್ನು ನಿಮಗೇ ನೆನಪಿಸುತ್ತೇನೆ. ಮಳೆಗಾಲದಲ್ಲಿ ಚಕ್ರದಡಿ ಸಿಲುಕುವ ಜೀವಗಳು ಹೆಚ್ಚೆಂದು, ಆ ನಾಲ್ಕು ತಿಂಗಳು ಕಾರನ್ನು ಬೀದಿಗೆ ಒಯ್ಯುವುದಿಲ್ಲವೆಂದು ನೀವು ಬಸದಿಯಲ್ಲಿ ವ್ರತ ತೊಟ್ಟಿರಿ. ಅಷ್ಟಕ್ಕೇ ನಿಂತಿದ್ದರೆ ನಾನು ನಿಮ್ಮ ಹೆಸರಿಗೆ ದಿನವೂ ಕೈಮುಗಿಯುತ್ತಿದ್ದೆ. ಹುರುಪಿನಲ್ಲಿ ನೀವು ಮತ್ತೊಂದನ್ನೂ ಸೇರಿಸಿದಿರಿ: ಕೀಲಿಯನ್ನೂ ತಿರುಗಿಸುವುದಿಲ್ಲ, ಪೆಡಲನ್ನೂ ಮುಟ್ಟುವುದಿಲ್ಲ, ಇಂಜಿನ್ನಿನ ಮುಚ್ಚಳವನ್ನೂ ಎತ್ತುವುದಿಲ್ಲ. ನಿಂತಲ್ಲೇ ಇಂಜಿನ್ ತಿರುಗಿದರೆ ಸಾಯುವ ಜೀವ ಯಾವುದು? ಆರು ತಲೆಮಾರು ಈ ಪ್ರಶ್ನೆ ಕೇಳಲಿಲ್ಲ. ಪ್ರತಿವರ್ಷ ತೊಟ್ಟಿಯಲ್ಲಿ ತೈಲ ಕೊಳೆಯಿತು, ಪ್ರತಿವರ್ಷ ತೇವ ಒಳಗೆ ನುಗ್ಗಿತು, ಪ್ರತಿವರ್ಷ ಕಾರ್ತಿಕದಲ್ಲಿ ಯಾರನ್ನೋ ಕರೆಸಿ ಹೇಗೋ ಬಡಿದು ಎಬ್ಬಿಸಿದಿರಿ. ಎಬ್ಬಿಸಿದ ರೀತಿಯಾದರೂ ಎಂಥದು!

ನಮ್ಮ ಊರಿನಲ್ಲಿ ಹಳೆಯ ಇಂಜಿನ್ ಬಲ್ಲವಳು ಶಮೀಮಬಾನು ಒಬ್ಬಳೇ. ಐವತ್ತರ ಹೆಂಗಸು, ಆಕೆಯ ಹಿರಿಯರೇ ನಿಮ್ಮ ಕಾಲದಲ್ಲೂ ಈ ಕಾರನ್ನು ಬಿಚ್ಚಿ ಜೋಡಿಸಿದವರು. ಮೊದಲು ಬ್ಯಾಟರಿಯನ್ನು ನೋಡಿದಳು. ತುದಿಗಳ ಮೇಲೆ ಹಸಿರು ಕಿಲುಬು, ಅದರ ಮೇಲೆ ಯಾರೋ ಭಕ್ತಿಯಿಂದ ಸವರಿದ ತುಪ್ಪ, ತುಪ್ಪದ ಮೇಲೆ ಧೂಳು ಹೆಪ್ಪುಗಟ್ಟಿದ ಕರಿಯ ಕೆನೆ. ಬೆರಳಿನಿಂದ ತೆಗೆದು ಮೂಸಿ ಮುಖ ತಿರುಗಿಸಿದಳು. ಬಳಿಕ ಫ್ಯೂಸು: ಸುಟ್ಟುಹೋದ ತಂತಿಯ ಜಾಗದಲ್ಲಿ ಸಿಹಿತಿಂಡಿಯ ಬೆಳ್ಳಿಕಾಗದ ಸುತ್ತಿತ್ತು. ಸ್ಟಿಯರಿಂಗಿನ ಮುಂದಿನ ಹಲಗೆಯ ಮೇಲೆ ಆಯಿಲ್ ಕಡಿಮೆಯಾದರೆ ಕೆಂಪಗೆ ಉರಿಯುವ ದೀಪವೊಂದಿದೆಯಲ್ಲ, ಅದರ ಮೇಲೆ ಪಂಚಪರಮೇಷ್ಠಿಗಳ ಹೆಸರಿನ ಚೀಟಿ ಅಂಟಿಸಿದ್ದಿರಿ. ಆ ಕೆಂಪು ಕಣ್ಣಿಗೆ ಹಿತವೆನಿಸಿರಲಿಲ್ಲವೇನೋ! ಎಚ್ಚರಿಸುವ ದೀಪವನ್ನು ಪರಮೇಷ್ಠಿಗಳ ಹೆಸರಿನಿಂದ ಮುಚ್ಚಿದ್ದನ್ನು ಕಂಡು ನನಗೆ ಮೈಯೆಲ್ಲ ಹೇಸಿತು. ಶಮೀಮಬಾನು ಮಾತ್ರ ಶಾಂತವಾಗಿ, "ಕಾಕಾ, ಇದನ್ನ ನೀವ ತಗೀರಿ. ನಾ ತಗದ್ರ ನಾಳೆ ಊರಾಗ ಬ್ಯಾರೆ ಮಾತಾಗ್ತೈತಿ" ಎಂದಳು. ನಾನೇ ತೆಗೆದೆ.

ತೈಲದ ತೊಟ್ಟಿಯನ್ನು ಇಳಿಸಿದಾಗ ಅಸಹ್ಯದ ಶಿಖರವೇ ಕಂಡಿತು. ತಳದಲ್ಲಿ ನಿಮ್ಮ ಕಾಲದಿಂದಲೂ ಒಂದು ತೂತಿದೆ. ಬೆಸುಗೆ ಹಾಕಿಸುವುದನ್ನು ಬಿಟ್ಟು ನೀವು ಅದಕ್ಕೆ ಮೈಸಾಬೂನು ಮೆತ್ತಿದಿರಿ. ಒಂದು ದಿನದ ದಾರಿಗೆ ಅದು ಉಪಾಯವಿರಬಹುದು. ನಿಮ್ಮ ಮಗನೂ ಮೆತ್ತಿದ, ಮೊಮ್ಮಗನೂ ಮೆತ್ತಿದ, ಸಾಬೂನು ಮೆತ್ತುವುದು ನಮ್ಮ ಮನೆತನದ ವಿದ್ಯೆಯಾಯಿತು. ಶಮೀಮಬಾನು ಚೂರಿಯಿಂದ ಕೆರೆದಂತೆಲ್ಲ ಪದರ ಪದರವಾಗಿ ಹಳದಿ, ಗುಲಾಬಿ, ಬೂದುಬಣ್ಣದ ಲೋಳೆ ಉದುರಿತು. ಅದರೊಳಗೆ ಕೂದಲೂ ಇತ್ತು. ತೊಟ್ಟಿಯ ಒಳಗಿನದನ್ನು ಬಾಣಲೆಗೆ ಸುರಿದು, "ಕಾಕಾ, ಇದಕ್ಕ ತೈಲ ಅಂತೀರಿ? ಕಾಕಂಬಿ ಐತ್ರಿ ಇದು. ದನಾನೂ ಮೂಸೂದಿಲ್ಲ" ಎಂದು ಕೈ ಒರೆಸಿಕೊಂಡಳು. ಅದೇ ಅಂಟು ಕಾರ್ಬ್ಯುರೇಟರಿನ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳನ್ನೆಲ್ಲ ತುಂಬಿಕೊಂಡಿತ್ತು. ಒಂದೊಂದನ್ನೂ ತೊಳೆದು, ಊದಿ, ಬೆಳಕಿಗೆ ಹಿಡಿದು ನೋಡುವುದರಲ್ಲಿ ಒಂದು ಹಗಲು ಕಳೆಯಿತು.

ಗಾಳಿ ಶೋಧಿಸುವ ಡಬ್ಬಿಯಲ್ಲಿ ಇಲಿಯೊಂದು ಮರಿ ಹಾಕಿತ್ತು. ಕಣ್ಣು ತೆರೆಯದ ಐದು ಮರಿಗಳು. ಅವುಗಳ ಮೂತ್ರದ ನಾತಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಆದರೂ ಅವನ್ನು ಕದಲಿಸಕೂಡದು ಎಂದೆ. "ಮರಿಗೋಳಿಗೆ ಮನಿ ಬೇಕೋ, ತಂಗೀಗೆ ಗಾಡಿ ಬೇಕೋ, ಒಂದ್ ಹೇಳ್ರಿ" ಎಂದು ಶಮೀಮಬಾನು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕೊನೆಗೆ ಆಕೆಯೇ ಡಬ್ಬಿಯನ್ನು ಅಲುಗಾಡದಂತೆ ಬಿಚ್ಚಿ, ಮರಿಗಳ ಸಮೇತ ಮೂಲೆಯ ಕತ್ತಲಲ್ಲಿಟ್ಟು, "ಊರ ಒಂದ್ ಸುತ್ತಿಗೆ ಡಬ್ಬಿ ಇಲ್ಲಂದ್ರೂ ನಡೀತೈತಿ" ಎಂದಳು. ತಾಯಿ ಇಲಿ ಸಂಜೆಯೊಳಗೆ ಅಲ್ಲಿಗೇ ಹಿಂದಿರುಗಿತು.

ಇಷ್ಟರವರೆಗೆ ನಿಮ್ಮನ್ನು ಬೈದೆ. ಇನ್ನು ನನ್ನ ಪಾಲು. ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ದಿನಗಳಲ್ಲಿ, ಶಮೀಮಬಾನು ಮನೆಗೆ ಬಂದು ಹೇಳಿದ್ದಳು: "ಕಾಕಾ, ಅಕ್ಕಾರ ದೀಕ್ಷೆ ಐತಿ. ಗಾಡಿ ಹೊರಗ ತಗೀಬ್ಯಾಡ್ರಿ, ನಿಮ್ಮ ವ್ರತ ನಿಮಗ ಇರ್ಲಿ. ಹದಿನೈದು ದಿನಕ್ಕೊಮ್ಮೆ ನಿಂತಲ್ಲೇ ಚಾಲೂ ಮಾಡಿ ಕ್ಲಚ್ ನಾಕ್ ಸಲ ಒತ್ತಿ ಬಿಡ್ರಿ, ಸಾಕು." ನಾನು ಕೈಯಲ್ಲಿದ್ದ ಗ್ರಂಥದಿಂದ ತಲೆಯೆತ್ತದೆ, ಆರು ತಲೆಮಾರಿನ ನಿಯಮ ಮುರಿಯಲಾಗದು ಎಂದೆ. ಆಕೆ ಹೊರಟುಹೋದಳು. ವ್ರತವನ್ನು ಓದಿ ಅರಿತವನೆಂಬ ಹೆಮ್ಮೆ ನನಗಿತ್ತು. ಇಲಿಯ ಹಿಕ್ಕೆಗಿಂತ, ಸಾಬೂನಿನ ಲೋಳೆಗಿಂತ ಹೆಚ್ಚು ನಾತ ಆ ಹೆಮ್ಮೆಯಿಂದ ಬರುತ್ತಿದೆ ಎಂದು ಈಗ ನನ್ನ ಮೂಗಿಗೆ ತಿಳಿಯುತ್ತಿದೆ.

ಪಂಚಮಿಯ ಬೆಳಗ್ಗೆ ಕಾರು ತೊಳೆದು ಹೂ ಕಟ್ಟಿದ್ದಾಯಿತು. ಮದುವಣಗಿತ್ತಿಯಂತೆ ಸಿಂಗರಿಸಿದ ಚಂಪಾವತಿ ಮುಂದಿನ ಸೀಟಿನಲ್ಲಿ ಕುಳಿತಳು. ಊರಿಗೆ ಊರೇ ಅಂಗಳದಲ್ಲಿ ನೆರೆದಿತ್ತು. ಮೂರನೆಯ ಸಲ ಕೀಲಿ ತಿರುಗಿಸಿದಾಗ ಇಂಜಿನ್ ಕೆಮ್ಮಿ, ನಡುಗಿ, ಹತ್ತಿಕೊಂಡಿತು. ಜಯಕಾರ ಮೊಳಗಿತು. ಆ ಸದ್ದನ್ನು ಎಂದೂ ಕೇಳಿರದ ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದರು. ನಾನು ಕ್ಲಚ್ ಒತ್ತಿ ಗೇರಿಗೆ ಹಾಕಿದೆ. ಗರಗಸ ಕೊಯ್ದಂಥ ಸದ್ದು ಬಂತು, ಗೇರು ಕೂರಲಿಲ್ಲ. ಮತ್ತೆ ಹಾಕಿದೆ, ಮತ್ತೆ ಅದೇ ಸದ್ದು. ಶಮೀಮಬಾನು ಕಿಟಕಿಗೆ ಬಾಗಿ ಮೆಲ್ಲಗೆ ಹೇಳಿದಳು: "ಕ್ಲಚ್ ಪ್ಲೇಟ್ ಜಂಗ್ ಹಿಡದು ಕಚ್ಚಿಬಿಟ್ಟೈತಿ, ಕಾಕಾ. ನಾಕ್ ತಿಂಗಳ ತೇವ. ಬಿಡಸಬೇಕಂದ್ರ ಗೇರಿನಾಗಿಟ್ಟು ಜಿಗಿಸಿ ಓಡಸಬೇಕು, ಬಯಲಾಗ. ಇಷ್ಟ ಮಂದಿ ನಡುವ ಆಗೂದಿಲ್ಲ." ಮಂದಿಯನ್ನು ಸರಿಸಿ ಬಯಲಿಗೆ ನೂಕಿಸುವಷ್ಟು ಹೊತ್ತಿರಲಿಲ್ಲ, ಬಸದಿಯಲ್ಲಿ ಮುಹೂರ್ತ ಸಮೀಪಿಸಿತ್ತು. ಪಿಂಛಿಗಾಡಿ ತರಿಸಲೇ ಎಂದು ಯಾರೋ ಕೇಳಿದರು.

ಚಂಪಾವತಿ ಇನ್ನೂ ಆ ನಡುಗುವ ಸೀಟಿನಲ್ಲೇ ಇದ್ದಳು. ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡಳು. "ಅಣ್ಣಾ, ಬಂದ್ ಮಾಡು. ಪಾಪ, ಅದಕ್ಕ ಭಾಳ ಸುಸ್ತಾಗೇತಿ" ಎಂದಳು. ನಾನು ಕೀಲಿ ತೆಗೆದೆ. ಆಕೆ ಇಳಿದು, ಚಪ್ಪಲಿಯನ್ನು ಕಾರಿನ ಬಳಿಯೇ ಬಿಟ್ಟು, ಬಸದಿಯ ಕಡೆ ನಡೆದಳು. "ಹೆಂಗೂ ನಡಿಯೂದ ಐತಿ" ಎಂದು ಶಮೀಮಬಾನುವಿಗೆ ಹೇಳಿದ್ದು ಕೇಳಿಸಿತು. ಮೂರು ವರ್ಷ ಆಕೆ ಕಾದ ಅರ್ಧ ಹರಿದಾರಿಯ ಸವಾರಿಯನ್ನು ನಾನು ಕೊಡಲಾರದೆ ಹೋದೆ. ಈಗ ಆಕೆ ಆರ್ಯಿಕೆ. ಆ ಸವಾರಿಯನ್ನು ಇನ್ನು ಯಾರೂ ಕೊಡಲಾರರು. ನನ್ನ ಕಾಲದಿಂದ ಸಾಧ್ಯವಿಲ್ಲ. ನಿಮ್ಮ ಕಾಲದಿಂದ ಸಾಧ್ಯ.

ಆದ್ದರಿಂದ ಭರಮಪ್ಪನವರೇ, ಕೇಳಿ. ವ್ರತವನ್ನು ಬಿಡಬೇಡಿ, ಕಾರನ್ನು ಬೀದಿಗೆ ಒಯ್ಯಬೇಡಿ. ಆದರೆ ಆಷಾಢದಲ್ಲಿ ಅದನ್ನು ನಿಲ್ಲಿಸುವ ದಿನ ತೊಟ್ಟಿಯನ್ನು ಬರಿದುಮಾಡಿ. ಕ್ಲಚ್ ಪೆಡಲನ್ನು ಕೆಳಕ್ಕೆ ಒತ್ತಿ, ಪೆಡಲಿಗೂ ಸೀಟಿನ ಚೌಕಟ್ಟಿಗೂ ನಡುವೆ ಒಂದು ಮೊಳದ ಕಟ್ಟಿಗೆಯನ್ನು ಆನಿಸಿಡಿ. ಪ್ಲೇಟುಗಳು ಒಂದಕ್ಕೊಂದು ಅಂಟದೆ ಉಳಿಯುತ್ತವೆ. ತೊಟ್ಟಿಯ ತೂತಿಗೆ ಬೆಸುಗೆ ಹಾಕಿಸಿ. ಸಾಬೂನು ಮೈಗೆ ಸಾಕು. ಶಮೀಮಬಾನುವಿನ ಹಿರಿಯರು ಏನಾದರೂ ಹೇಳಲು ಬಂದರೆ ಗ್ರಂಥವನ್ನು ಮಡಚಿಟ್ಟು ಕೇಳಿ. ಇಷ್ಟನ್ನು ಮಾಡಿ, ನಿಮ್ಮ ಮಕ್ಕಳಿಗೂ ಕಲಿಸಿ. ಮಾಡಿದರೆ ಈ ಓಲೆ ಬರೆಯುವ ನೇಮಣ್ಣನೇ ಇರುವುದಿಲ್ಲ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರು ಸುತ್ತಿ ಬಂದ ಬೇರೊಬ್ಬ ಮುದುಕನಿರುತ್ತಾನೆ. ಅವನಿಗೆ ನನ್ನ ಜಾಗವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಬರಿಗಾಲಲ್ಲಿ ನಡೆದುಹೋದ ಆರ್ಯಿಕೆಗೆ ದಾರಿ ಮೃದುವಾಗಲಿ. ಶಮೀಮಬಾನುವಿನ ಕೈಗೂ ಆಕೆಯ ಕುಲಕ್ಕೂ ಸುಖವಾಗಲಿ. ಆ ಐದು ಮರಿಗಳಿಗೂ ಅವುಗಳ ತಾಯಿಗೂ ಅಭಯವಿರಲಿ. ದಣಿದ ಆ ಬಿಳಿ ಕಾರಿಗೆ ಒಣ ನೆರಳು ದೊರೆಯಲಿ. ತಿಳಿಯದೆ ಕೆಡಿಸಿದ ನಿಮಗೂ, ತಿಳಿದೂ ಕೆಡಿಸಿದ ನನಗೂ ಸಮ್ಯಕ್ ಬುದ್ಧಿಯುಂಟಾಗಲಿ. ಸಕಲ ಜೀವರಿಗೆ ಮಂಗಳವಾಗಲಿ.