ಬೀಗ ಹಾಕಿದ ಟೆನ್ನಿಸ್ ಅಂಗಳ, ಹಳಿಯಾಚೆಯ ಸ್ಕೇಟ್ ಪಾರ್ಕ್

ಮಾನ್ಯ ಉದ್ಯಾನ ನಿರ್ದೇಶಕರೇ,

ನಮ್ಮೂರಿನ ಸ್ಕೇಟ್ ಪಾರ್ಕನ್ನು ರೈಲು ಹಳಿಯ ಆಚೆ, ಮುಚ್ಚಿಹೋದ ಮೇವಿನ ಗಿರಣಿಯ ಅಂಗಳದಲ್ಲಿ ಕಟ್ಟಬೇಕೆಂದು ನೀವು ಶಿಫಾರಸು ಮಾಡಿದ್ದೀರಿ. ಬರುವ ಮಂಗಳವಾರ ನಗರಸಭೆ ಅದಕ್ಕೆ ಮತ ಹಾಕಲಿದೆ. ಅಲ್ಲಿ ಪಾರ್ಕ್ ಕಟ್ಟಿದರೆ ಇಂದಲ್ಲ ನಾಳೆ ಒಂದು ಮಗು ರೈಲಿನಡಿ ಸಿಗುತ್ತದೆ. ಈ ಮಾತು ಸಿಟ್ಟಿನಿಂದ ಬಂದದ್ದೆಂದು ತಳ್ಳಿಹಾಕಬೇಡಿ. ಸಿಟ್ಟೂ ಇದೆ, ಬೇಕಾದಷ್ಟಿದೆ. ಆದರೆ ಮೂವತ್ತೊಂದು ವರ್ಷ ಗೂಡ್ಸ್ ರೈಲಿನಲ್ಲಿ ಗಾರ್ಡ್ ಆಗಿದ್ದವಳು ನಾನು.

ನಿಮ್ಮ ಸಮೀಕ್ಷೆಯನ್ನು ಎರಡು ಸಲ ಓದಿದೆ. ಎಷ್ಟು ಅಚ್ಚುಕಟ್ಟು! ಆಗಸ್ಟಿನ ಒಂದು ಶನಿವಾರ ಗಿರಣಿ ಅಂಗಳದಲ್ಲಿ ನಲವತ್ತೊಂದು ಮಕ್ಕಳು ಸ್ಕೇಟ್ ಮಾಡುತ್ತಿದ್ದರಂತೆ. ಅದೇ ದಿನ ಗ್ರಂಥಾಲಯದ ಪಕ್ಕದ ಹಳೆಯ ಟೆನ್ನಿಸ್ ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ಆದ್ದರಿಂದ ಮಕ್ಕಳ ಒಲವು ಗಿರಣಿಯ ಕಡೆಗಂತೆ. ಎಣಿಸಲು ಹೋದವರಿಗೆ ಟೆನ್ನಿಸ್ ಅಂಗಳದ ಬಾಗಿಲಲ್ಲಿ ತೂಗುತ್ತಿದ್ದ ಬೀಗ ಕಾಣಲಿಲ್ಲವೇ? ಅದು ನಿಮ್ಮದೇ ಇಲಾಖೆಯ ಬೀಗ. ಎರಡು ವರ್ಷದ ಹಿಂದೆ ಮಕ್ಕಳನ್ನು ಅಲ್ಲಿಂದ ಓಡಿಸಿ ಹಾಕಿದ್ದು. ಗ್ರಂಥಾಲಯದ ಮೆಟ್ಟಿಲಿಂದ ಓಡಿಸಿದಿರಿ, ಅಂಚೆ ಕಚೇರಿಯ ಮುಂದಿನಿಂದ ಓಡಿಸಿದಿರಿ. ಓಡಿಸಿಕೊಂಡವರು ಕೊನೆಗೆ ಎಲ್ಲಿ ನಿಂತರೋ ಅಲ್ಲಿಗೆ ಹೋಗಿ ತಲೆ ಎಣಿಸಿ, ಇವರಿಗೆ ಈ ಜಾಗವೇ ಇಷ್ಟ ಎಂದು ಬರೆದುಕೊಳ್ಳುವುದಕ್ಕೆ ನಿಜಕ್ಕೂ ಪ್ರತಿಭೆ ಬೇಕು.

ಕಳೆದ ತಿಂಗಳ ಸಭೆಯಲ್ಲಿ ಇದನ್ನೇ ಕೇಳಿದ್ದೆ, ನಿಮಗೆ ನೆನಪಿರಬಹುದು. "ಮಕ್ಕಳು ತಾವಾಗೇ ಆರಿಸ್ಕೊಂಡ ಜಾಗ ಅದು ಮೇಡಂ" ಎಂದಿರಿ. "ಬೀಗ ಹಾಕಿರೋ ಕಡೆ ಎಣಿಸಿದ್ರೆ ಯಾರು ಸಿಗ್ತಾರೆ ಸ್ವಾಮಿ, ಅಳಿಲಾ?" ಎಂದೆ. ಜನ ನಕ್ಕರು. ನೀವೂ ನಕ್ಕು, ಚಕ್ರಗಳ ಸದ್ದಿನಿಂದ ಗ್ರಂಥಾಲಯದ ಓದುಗರಿಗೆ ತೊಂದರೆಯಾಗುತ್ತದೆ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದಿರಿ. ದಿನಕ್ಕೆ ಇಪ್ಪತ್ತು ರೈಲು ಊರಿನ ಎದೆಯ ಮೇಲೆ ಸೀಟಿ ಊದುತ್ತಾ ಹೋಗುತ್ತವೆ. ಆ ಸದ್ದಿನಲ್ಲಿ ಓದಬಲ್ಲವರು ನಾಲ್ಕು ಪುಟ್ಟ ಚಕ್ರಗಳಿಗೆ ಹೆದರುತ್ತಾರೆಯೇ?

ನೀವು ಊರಿಗೆ ಹೊಸಬರು, ಕಚೇರಿಗೆ ಹಳಿ ದಾಟದೆ ಬರುತ್ತೀರಿ. ಇಲ್ಲಿ ರೈಲು ಹೋಗುವುದಷ್ಟೇ ಅಲ್ಲ, ನಿಲ್ಲುತ್ತದೆ. ಮುಂದಿನ ಹಳಿ ಖಾಲಿಯಾಗುವವರೆಗೆ ಒಂದು ಮೈಲುದ್ದದ ಗೂಡ್ಸ್ ನಮ್ಮ ಗೇಟಿಗೆ ಅಡ್ಡ ಬಿದ್ದುಕೊಂಡಿರುತ್ತದೆ. ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ. ಊಟದ ಹೊತ್ತಿಗೆ ಮನೆ ಸೇರಬೇಕಾದ ಮಕ್ಕಳು ಕಾಯುವುದಿಲ್ಲ. ಎರಡು ಬೋಗಿಗಳ ನಡುವೆ ಏಣಿ ಹತ್ತಿ ದಾಟುತ್ತಾರೆ. ಗಾರ್ಡ್ ಆಗಿದ್ದಾಗ ನಾನೂ ಹಾಗೆ ದಾಟಿದ್ದೇನೆ. ಆದರೆ ಮೊದಲು ಡ್ರೈವರಿಗೆ ತಿಳಿಸಿ, ಬ್ರೇಕ್ ಹಾಕಿದ್ದೇನೆ ಎಂದು ಅವನ ಬಾಯಿಂದಲೇ ಕೇಳಿಸಿಕೊಂಡ ಮೇಲೆ. ಮಕ್ಕಳು ಯಾರನ್ನು ಕೇಳಬೇಕು?

ಸೆಪ್ಟೆಂಬರಿನ ಮೂರನೆಯ ಶನಿವಾರ, ಮಧ್ಯಾಹ್ನ, ಗೇಟಿನ ಈಚೆ ಕಾರಿನಲ್ಲಿ ಕಾಯುತ್ತಿದ್ದೆ. ಹದಿಮೂರು ವರ್ಷದ ಮೊಮ್ಮಗಳು ಮ್ಯಾರೆನ್‌ಳನ್ನು ಗಿರಣಿಯಿಂದ ಕರೆತರಬೇಕಿತ್ತು. ಪಕ್ಕದ ಸೀಟಿನಲ್ಲಿ ಅವಳಿಗೆಂದು ಬೇಯಿಸಿದ ಗಸಗಸೆ ಹೂರಣದ ಕೊಲಾಚೆ ಬನ್ನು ಬಿಸಿಯಾಗಿಯೇ ಇತ್ತು. ನಿಂತ ರೈಲಿನ ಅಡಿಯಿಂದ ಒಂದು ಸ್ಕೇಟ್‌ಬೋರ್ಡ್ ಜಾರಿ ಬಂದು ಈಚೆಯ ಹಳಿಗೆ ಅಡ್ಡವಾಗಿ ಸಿಕ್ಕಿಕೊಂಡಿತು. ಅದರ ಹಿಂದೆಯೇ ನನ್ನ ಮಗು ಬೋಗಿಗಳ ನಡುವಿನ ಕೊಂಡಿ ದಾಟಿ ಏಣಿ ಇಳಿಯಿತು. ಬಂತಲ್ಲ, ಬದುಕಿದೆ ಎಂದುಕೊಂಡೆ. ಅವಳು ಬಗ್ಗಿದಳು. ಬೋರ್ಡಿಗಾಗಿ ಬೋಗಿಯ ಅಡಿಗೆ ಕೈ ಚಾಚಿದಳು.

ಆಗ ಆ ಸದ್ದು ಕೇಳಿಸಿತು. ಎಂಜಿನ್ ಎಳೆದರೆ ಕೊಂಡಿಗಳು ಒಂದೊಂದಾಗಿ ಬಿಗಿದು ಠಣ್ ಠಣ್ ಸದ್ದು ಬಾಲದ ಕಡೆಗೆ ಓಡಿ ಬರುತ್ತದೆ. ಡ್ರೈವರ್ ತಿರುವಿನಾಚೆ ಇರುತ್ತಾನೆ, ಅವನಿಗೆ ಏನೂ ಕಾಣದು. "ಬಿಡೇ ಅದನ್ನ! ಮ್ಯಾರೆನ್, ಬಿಡೇ!" ಎಂದು ಕಿರುಚುತ್ತಾ ಈ ಹಾಳು ಮೊಣಕಾಲು ಎಳೆದುಕೊಂಡು ಓಡಿದೆ. ನಾನು ತಲುಪಲಿಲ್ಲ. ಮೊದಲೇ ದಾಟಿ ನಿಂತಿದ್ದ ಅವಳ ಗೆಳತಿ ಹಿಮೇನಾ ಮ್ಯಾರೆನ್‌ಳ ಬೆನ್ನಿನ ಚೀಲ ಹಿಡಿದು ಜಗ್ಗಿದಳು. ಇಬ್ಬರೂ ಹಿಂದಕ್ಕೆ ಬಿದ್ದರು. ಚಕ್ರ ಬೋರ್ಡಿನ ಮೇಲೆ ಹೋಯಿತು.

ಮಗುವನ್ನು ಅಪ್ಪಿಕೊಳ್ಳುವುದು ಬಿಟ್ಟು ಬೈದೆ. "ರೈಲಿನ ಹತ್ರ ಹೋಗ್ಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ? ಬೋರ್ಡನ್ನ ಅಡಿಗೆ ಯಾಕೆ ತಳ್ಳಿದೆ? ಬುದ್ಧಿ ಇಲ್ವಾ?"

ಅವಳು ಮೊಣಕೈಗೆ ಅಂಟಿದ ಜಲ್ಲಿಪುಡಿ ಒರೆಸಿಕೊಂಡಳು. "ಏಣಿ ಹತ್ತುವಾಗ ಎರಡೂ ಕೈ ಖಾಲಿ ಇರ್ಬೇಕು ಅಂತ ನೀನೇ ಹೇಳ್ಕೊಟ್ಟಿದ್ದಲ್ಲ ಅಜ್ಜಿ. ಅದಕ್ಕೇ ಬೋರ್ಡ್ ಮೊದ್ಲು ದಾಟಿಸ್ದೆ."

ಹೌದು, ನಾನೇ. ಅವಳು ಐದು ವರ್ಷದವಳಿದ್ದಾಗ ಕೊಟ್ಟಿಗೆಯ ಏಣಿಯ ಮೇಲೆ ಕಲಿಸಿದ ಪಾಠ. ನಮ್ಮ ಕೆಲಸದಲ್ಲಿ ಜೀವ ಉಳಿಸುತ್ತಿದ್ದ ಪಾಠ. ಬೋರ್ಡನ್ನು ಬಿಟ್ಟು ಹೋಗದ ಮಕ್ಕಳ ಕೈಯಲ್ಲಿ ಅದೇನಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಹಿಮೇನಾ ನನ್ನನ್ನು ಸಮಾಧಾನಪಡಿಸಲು ಹೇಳಿದಳು: "ಅವಳ್ದೇನೂ ತಪ್ಪಿಲ್ಲ ಅಜ್ಜಿ. ನಾವೆಲ್ರೂ ಹಾಗೇ ದಾಟೋದು. ಸೇಫ್ ಅಂತ ಮ್ಯಾರೆನ್ನೇ ಎಲ್ಲರಿಗೂ ಕಲಿಸ್ಕೊಟ್ಳು."

ಎಲ್ಲರಿಗೂ ಅಂದರೆ ಯಾರಿಗೆಂದು ತಿಳಿಯಿತೇ ನಿರ್ದೇಶಕರೇ? ನಿಮ್ಮ ಸಮೀಕ್ಷೆಯ ಆ ನಲವತ್ತೊಂದು ಮಕ್ಕಳಿಗೆ. ಅಂದಿನಿಂದ ಮ್ಯಾರೆನ್ ಒಬ್ಬೊಬ್ಬರ ಮನೆಗೂ ಹೋಗಿ ಹಾಗೆ ಮಾಡಬೇಡಿ ಎನ್ನುತ್ತಿದ್ದಾಳೆ. ನಾನು ಶನಿವಾರ, ಭಾನುವಾರ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಆದರೆ ನೀವು ಅಲ್ಲಿ ಇಳಿಜಾರುಗಳನ್ನು ಕಟ್ಟಿ, ರಿಬ್ಬನ್ ಕತ್ತರಿಸಿ, ಅಕ್ಕಪಕ್ಕದ ಊರಿನ ಮಕ್ಕಳನ್ನೂ ಕರೆದರೆ ನನ್ನ ಒಂದು ಕುರ್ಚಿ ಸಾಲದು. ಮೇಲ್ಸೇತುವೆ "ಎರಡನೆಯ ಹಂತದಲ್ಲಿ" ಎಂದು ಬರೆದಿದ್ದೀರಿ. ಮೊದಲನೆಯ ಹಂತದಲ್ಲಿ ಯಾರ ಮಗು ಎಂಬುದನ್ನೂ ಬರೆದುಬಿಡಿ.

ನನ್ನ ಬೇಡಿಕೆ ಚಿಕ್ಕದು. ಶಿಫಾರಸನ್ನು ಹಿಂತೆಗೆದುಕೊಳ್ಳಿ. ಟೆನ್ನಿಸ್ ಅಂಗಳದ ಬೀಗ ತೆಗೆದು ಒಂದು ಶನಿವಾರ ಮತ್ತೆ ಎಣಿಸಿ. ಅದಾಗದೆಂದರೆ, ಮಂಗಳವಾರಕ್ಕೆ ಮುಂಚೆ ಒಮ್ಮೆ ಕಾರು ಬಿಟ್ಟು ಗಿರಣಿಯಿಂದ ಊರಿಗೆ ನಡೆದು ಬನ್ನಿ. ರೈಲು ಅಡ್ಡ ನಿಂತಿರುತ್ತದೆ, ಅದರ ಬಗ್ಗೆ ಚಿಂತೆ ಬೇಡ. ನಾನು ಈಚೆ ಕುರ್ಚಿಯಲ್ಲಿರುತ್ತೇನೆ. ಈ ಪತ್ರದ ಜೊತೆ ಬೋರ್ಡಿನ ಅರ್ಧ ತುಂಡು ಕಳಿಸಿದ್ದೇನೆ. ಅದನ್ನೂ ಹಿಡಿದುಕೊಂಡೇ ಬನ್ನಿ. ಏಣಿಯ ಬುಡದಲ್ಲಿ ನಿಂತಾಗ ಅದನ್ನು ಎಲ್ಲಿಡುತ್ತೀರೋ ನೋಡಬೇಕು.

ಇಂತಿ,
ಎರಡೂ ಕೈ ಖಾಲಿ ಇರಲಿ ಎಂದು ಕಲಿಸಿಕೊಟ್ಟ ಅಜ್ಜಿ,
ಲೊರೆಟ್ಟಾ ಸೊಬೋಟ್ಕಾ
ನಿವೃತ್ತ ಗಾರ್ಡ್, ಸದ್ಯ ಯಾರೂ ನೇಮಿಸದ ಗೇಟ್ ಕಾವಲುಗಾರ್ತಿ